ವಿಠೋಬ ಮತ್ತು ಇತರರು

೧೭ ನವೆಂಬರ್ ೧೯೬೯

ಮಾತಾಡಿದರೆ ಜಗಳವಾಗುತ್ತದೆ, ಸುಮ್ಮನಿದ್ದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಬರೆಯಲು ಕೂತೆ. ಗೊಬ್ಬರದ ಅಂಗಡಿಯವರು ಹೋದ ವರ್ಷ ಕೊಟ್ಟ ಡೈರಿ ಗೂಡಿನಲ್ಲಿ ಹಾಗೇ ಬಿದ್ದಿತ್ತು. ತಾರೀಖು ಹೊಂದುವುದಿಲ್ಲ, ಹೊಡೆದು ಹಾಕಿ ನಾನೇ ಬರೆದುಕೊಳ್ಳುತ್ತೇನೆ. ನನ್ನದು ಏಳನೇ ಇಯತ್ತೆಯ ಅಕ್ಷರ. ಓದುವವನೂ ನಾನೇ, ಯಾರಿಗೇನು.

ಬಿಳೂರಿನ ಕಬಡ್ಡಿ ಪಂದ್ಯವನ್ನು ನಮ್ಮ ಉಟಗಿ ಸಂಘ ಮೊನ್ನೆ ಗೆದ್ದಿತು. ಇವತ್ತು ಸಂಜೆಯ ಎಸ್‌ಟಿ ಬಸ್ಸಿಗೆ ಸಾಂಗ್ಲಿಯ ಮರಾಠಿ ಪೇಪರು ಬಂತು. ಶಿವಯೋಗೆಪ್ಪನವರು ತಮ್ಮ ಕಾಳಿನ ಅಂಗಡಿಯ ಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಓದಿ ಕನ್ನಡದಲ್ಲಿ ಹೇಳಿದರು. ನಮ್ಮ ಸಂಘ ನಡೆಸುವವರು ಅವರೇ. ಓದಿದ್ದೇನು? ‘ಉಟಗಿಯ ವಿಠೋಬ ಮತ್ತು ಇತರರು ಉತ್ತಮ ಆಟ ಆಡಿದರು.’ ಅಲ್ಲಿಗೆ ಮುಗಿಯಿತು. ಏಳು ಜನ ಆಡಿದ ಆಟ. ಒಬ್ಬನಿಗೆ ಹೆಸರು, ಉಳಿದ ಆರು ಮಂದಿಗೆ ಸೇರಿಸಿ ಒಂದು ಶಬ್ದ.

ಆ ಪೇಪರಿನವನು ಎದುರಿಗಿದ್ದರೆ ಕೂರಿಸಿ ಹೇಳುತ್ತಿದ್ದೆ. ಅಪ್ಪಾ, ವಿಠೋಬ ಎದುರಿನ ಅಂಗಳಕ್ಕೆ ಏರಿ ಹೋಗುತ್ತಾನೆ, ಮುಟ್ಟುತ್ತಾನೆ, ಓಡಿ ಬರುತ್ತಾನೆ, ಜನ ಸೀಟಿ ಹೊಡೆಯುತ್ತಾರೆ, ಎಲ್ಲ ನಿಜ. ಆದರೆ ಅವನು ಸಿಕ್ಕಿಬಿದ್ದು ಸತ್ತ ಮೇಲೆ ಏನಾಗುತ್ತದೆ ನೋಡಿದ್ದೀಯಾ? ಗೆರೆಯ ಹೊರಗೆ ಹೋಗಿ ಕೂರುತ್ತಾನೆ, ಮೈ ಒರೆಸಿಕೊಳ್ಳುತ್ತಾನೆ. ಎದುರಿನವನೊಬ್ಬ ನಮ್ಮ ಅಂಗಳಕ್ಕೆ ಬಂದು ನಮ್ಮ ಕೈಗೆ ಬಿದ್ದರೆ ಮಾತ್ರ ವಿಠೋಬನಿಗೆ ಮತ್ತೆ ಜೀವ. ಬಂದವನ ಕಾಲನ್ನು ಮೂಲೆಯಲ್ಲಿ ನಿಂತ ಗುರುಲಿಂಗಪ್ಪ ಹಿಡಿಯುತ್ತಾನೆ. ಕಾಲು ಹಿಡಿದರೆ ಆಟಗಾರ ನಿಲ್ಲುವುದಿಲ್ಲ, ಹಿಡಿದವನನ್ನೂ ಎಳೆದುಕೊಂಡು ನಡುಗೆರೆಗೆ ಹಾರುತ್ತಾನೆ. ಹಾರುವವನಿಗೆ ಎದೆ ಕೊಟ್ಟು ಅಡ್ಡ ನಿಲ್ಲುವವನು ಒಬ್ಬ ಬೇಕು. ಆ ಒಬ್ಬ ನಾನು, ಅಮಸಿದ್ದ. ಮೀಸೆ ಬರುವ ಮೊದಲಿನಿಂದ ಅದೇ ಜಾಗದಲ್ಲಿ ನಿಂತಿದ್ದೇನೆ. ಬಿಳೂರಿನಲ್ಲಿ ವಿಠೋಬ ಸತ್ತಾಗಲೆಲ್ಲ ಎಬ್ಬಿಸಿದವನು ನಾನು. ಪಕ್ಕೆ ಇನ್ನೂ ನೀಲಿಯಾಗಿದೆ.

ಪೇಪರು ಓದಿ ಮುಗಿಯುವುದರೊಳಗೆ ಕಟ್ಟೆಯ ಮೇಲಿನವರಿಗೆ ಹೊಸ ಹೆಸರು ಸಿಕ್ಕಿತ್ತು. “ಇತರಪ್ಪ, ಬರ್ರಿ, ಕುಂದ್ರಿ” ಅಂದರು. ಇತರರು ಆರು ಮಂದಿ, ಹೆಸರು ಅಂಟಿದ್ದು ನನ್ನೊಬ್ಬನಿಗೆ. ಸಿಟ್ಟು ಮಾಡುವವನಿಗೇ ಇಂಥದ್ದು ಅಂಟುತ್ತದೆ ಎಂದು ನನಗೂ ಗೊತ್ತು. ಗೊತ್ತಿದ್ದೂ ಸಿಟ್ಟು ಬಂತು.

ಮನೆಗೆ ಬಂದೆ. ಕುರಿ ಹಟ್ಟಿ ಸೇರಿದ್ದವು, ನೀರು ಕಾದಿತ್ತು, ರೊಟ್ಟಿ ಆಗಿತ್ತು. ಯಾವುದೂ ರುಚಿಸಲಿಲ್ಲ.

೨೪ ನವೆಂಬರ್

ಕೃಷ್ಣೆಯ ದಂಡೆಯ ಕಡೆ ಯಾವುದೋ ಸಕ್ಕರೆ ಕಾರ್ಖಾನೆಯವರು ಕಬಡ್ಡಿ ತಂಡ ಕಟ್ಟುತ್ತಾರಂತೆ. ಫೆಬ್ರವರಿಯಲ್ಲಿ ಜತ್ತಿನ ಪಂದ್ಯಕ್ಕೆ ಅವರ ಸಾಹೇಬರು ಬರುತ್ತಾರೆ, ಮನಸ್ಸಿಗೆ ಬಂದ ಆಟಗಾರನಿಗೆ ಕಾಯಂ ನೌಕರಿ. ವರ್ಷವಿಡೀ ಆಟ, ಬನಿಯನ್ನಿನ ಬೆನ್ನ ಮೇಲೆ ನಂಬರು. ನನಗೆ ಮೂವತ್ತು ಹತ್ತಿರ ಬಂತು. ಈ ಸಲ ತಪ್ಪಿದರೆ ಮುಂದೆ ಯಾರೂ ಕರೆಯುವುದಿಲ್ಲ, ಕುರಿಯ ಹಿಂದೆ ಹೋಗುವುದೇ. ಕುರಿ ಕಾಯುವುದು ಕೀಳೆಂದು ನಾನು ಅನ್ನುತ್ತಿಲ್ಲ, ನಮ್ಮ ಅಪ್ಪ ಅಜ್ಜ ಅದನ್ನೇ ಮಾಡಿದ್ದು. ಆದರೆ ಇಷ್ಟು ವರ್ಷ ಎದೆ ಒಡ್ಡಿದವನು ಇತರರಲ್ಲಿ ಒಬ್ಬನಾಗಿ ಅಂಗಳ ಬಿಡಬಾರದು.

ಶಿವಯೋಗೆಪ್ಪನವರ ಅಂಗಡಿಗೆ ಹೋದೆ.

“ಸಾವಕಾರ್ರ, ಆ ಸಾಹೇಬ್ರಿಗೆ ನನ್ನ ಹೆಸರೂ ಒಂದ ಮಾತ ಹೇಳ್ರಿ” ಅಂದೆ.

“ಹೇಳೂದೇನೈತೋ ಅಮಸಿದ್ದ? ಅವರು ಕಣ್ಣೀಲೆ ನೋಡ್ತಾರ. ಏರಿ ಹೋದಾವ ಕಾಣ್ತಾನ. ಕಾಲ ಹಿಡಿದಾವ ಕಾಣ್ತಾನ. ನೀ ಅಡ್ಡ ನಿಂದರಾವ. ಗ್ವಾಡಿ ಇದ್ದಂಗ. ಗ್ವಾಡಿಗೆ ಯಾರರ ಹೆಸರ ಇಡ್ತಾರೇನು?”

“ಗ್ವಾಡಿ ಬಿದ್ದ ದಿನಾ ಗೊತ್ತಾಗ್ತದರಿ.”

“ಬೀಳೂ ಮಾತ ಯಾಕ ಆಡ್ತಿ? ನೀ ಚಲೋ ನಿಂದರ್ತಿ, ನಿಂದರು” ಎಂದು ಕೈಗೆ ಒಂದು ಬೆಲ್ಲದ ತುಣುಕು ಕೊಟ್ಟರು. ಮಗುವಿಗೆ ಕೊಟ್ಟಂತೆ. ತಿನ್ನಬಾರದಿತ್ತು, ತಿಂದೆ.

ಜೋಳದ ಹೊಲದಲ್ಲಿ ಎಡೆ ಹೊಡೆದು ಕಳೆ ತೆಗೆಯುವ ಕೆಲಸ ಬಾಕಿ ಇದೆ ಎಂದು ತಿಳಿದಿದ್ದೆ. ಹೋಗಿ ನೋಡಿದರೆ ಆಗಿತ್ತು. ಅಲ್ಲೇ ಬದುವಿನ ಮೇಲೆ ಕೂತು ಕಾರ್ಖಾನೆಯ ವಿಚಾರ ಮಾಡಿದೆ.

೧೩ ಡಿಸೆಂಬರ್

ಗೋಡೆ ಕಾಣುವುದಿಲ್ಲವಲ್ಲ, ಸರಿ, ಕಾಣುವಂತೆ ಮಾಡೋಣ ಎಂದು ನಿನ್ನೆ ವಳಸಂಗದ ಪಂದ್ಯದಲ್ಲಿ ನಾನೇ ಏರಿ ಹೋದೆ. ವಳಸಂಗ ನನ್ನ ಹೆಂಡತಿಯ ತವರು. ಅವಳ ತಮ್ಮ ಭರಮಣ್ಣ ಬೀಗರನ್ನೆಲ್ಲ ಕರೆತಂದು ಮುಂದೆ ಕೂರಿಸಿದ್ದ. ವಿಠೋಬ “ಏ, ಎಲ್ಲಿ ಹೊಂಟಿ?” ಅನ್ನುವುದರೊಳಗೆ ನಾನು ನಡುಗೆರೆ ದಾಟಿದ್ದೆ.

ದಾಟಿದ್ದಷ್ಟೇ. ಉಸಿರು ಹಿಡಿದು ಮೂಲೆಯವನ ಕಡೆ ಕಾಲು ಚಾಚಿದೆ, ಚಾಚಿದ ಕಾಲು ಅವನ ಕೈಯಲ್ಲಿ ಉಳಿಯಿತು, ಉಳಿದವರು ನನ್ನ ಮೇಲೆ ಕೂತರು. ಆ ಹೊತ್ತಿಗೆ ಮೈಕಿನಲ್ಲಿ ಬಸಗೊಂಡನ ದನಿ: “ಉಟಗಿಚೇ ಖೇಳಾಡೂ ಅಮರಸಿಂಗ ಬಾದ.” ಉಟಗಿಯ ಆಟಗಾರ ಅಮರಸಿಂಗ ಸತ್ತ ಎಂದು. ಅಮರಸಿಂಗ! ಬಸಗೊಂಡ ವಳಸಂಗದವನು. ಮೈಕ್‌ಸೆಟ್ಟು ಅವನದೇ. ಮದುವೆಗೂ ಅವನೇ, ಪಂದ್ಯಕ್ಕೂ ಅವನೇ. ನನ್ನನ್ನು ಅಳಿಯನೆಂದು ಬಲ್ಲವನು. ಜೀವಮಾನದಲ್ಲಿ ಮೊದಲ ಸಲ ನನ್ನ ಹೆಸರು ಮೈಕಿನಲ್ಲಿ ಬರಬೇಕಿತ್ತು, ಬಂದದ್ದು ಯಾವನೋ ರಜಪೂತನದು, ಅದೂ ಸತ್ತ ಸುದ್ದಿಯಾಗಿ.

ಆಟ ಮುಗಿದ ಮೇಲೆ ಹಿಡಿದು ಕೇಳಿದೆ.

“ಜತ್ತಿನ ಮಂದಿ ಬಂದಿದ್ರು, ಮರಾಠ್ಯಾಗ ಹೇಳ್ತಿದ್ನಿ” ಅಂದ. “ಅಮಸಿದ್ದ ಅಂದ್ರ ಅವರಿಗೆ ತಿಳೀತದೇನು? ಅಮರಸಿಂಗ ಅಂದ್ರ ಮರಾಠ್ಯಾಗ ಚಲೋ ಕೇಳ್ತದ.”

ನಾವು ಸೋತೆವು. ನಾನು ಸತ್ತು ಹೊರಗೆ ಕೂತಾಗ ಅಡ್ಡ ನಿಲ್ಲುವವರು ಇರಲಿಲ್ಲ, ಗುರುಲಿಂಗಪ್ಪ ಹಿಡಿದ ಕಾಲುಗಳೆಲ್ಲ ಅವನನ್ನೇ ಎಳೆದುಕೊಂಡು ಹೋದವು. ಅದನ್ನು ಯಾರಾದರೂ ಗಮನಿಸಿದರೇ? ಇಲ್ಲ. ಜೀಪಿನಲ್ಲಿ ಬರುವಾಗ ಎಲ್ಲರೂ ಅಂದದ್ದು ಒಂದೇ, ಇತರಪ್ಪನಿಂದ ಆಟ ಕೆಟ್ಟಿತು ಎಂದು. ಗೆದ್ದಾಗ ಲೆಕ್ಕಕ್ಕಿಲ್ಲದವನು ಸೋತಾಗ ಹೇಗೆ ಲೆಕ್ಕಕ್ಕೆ ಬಂದೆನೋ.

೧೫ ಡಿಸೆಂಬರ್

ಯಾರ ಜೊತೆಯೂ ಮಾತಿಲ್ಲ.

೧೪ ಜನವರಿ ೧೯೭೦

ಸಂಕ್ರಾಂತಿ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಇತ್ತು, ಪುಂಡಿಪಲ್ಯ ಇತ್ತು. ಎಳ್ಳುಬೆಲ್ಲ ಕೊಟ್ಟು ಒಳ್ಳೆಯ ಮಾತಾಡಬೇಕೆನ್ನುವ ದಿನ. ನಾನು ಇಡೀ ದಿನ ಒಂದೂ ಒಳ್ಳೆಯ ಮಾತು ಆಡಿಲ್ಲ.

ಕಾರಣ ಇದೆ. ಶಿವಯೋಗೆಪ್ಪನವರು ಹಬ್ಬದ ನೆಪದಲ್ಲಿ ಗುರುಲಿಂಗಪ್ಪನಿಗೆ ಬೆಳ್ಳಿಯ ಕಡಗ ತೊಡಿಸಿದರು, ಈ ವರ್ಷದ ಒಳ್ಳೆಯ ಹಿಡಿತಕ್ಕೆ ಎಂದು. ಗುರುಲಿಂಗಪ್ಪ ಕೆಟ್ಟವನಲ್ಲ, ಹಿಡಿತ ಗಟ್ಟಿ. ಆದರೆ ಅವನು ಹಿಡಿದದ್ದು ನಿಂತವರ ಕಾಲು. ಅವರನ್ನು ನಿಲ್ಲಿಸಿದವರು ಯಾರು? ಕಡಗ ತೊಟ್ಟ ಕೈಯಿಂದಲೇ ನನ್ನ ಬೆನ್ನು ತಟ್ಟಿ “ನಿಂದೂ ಅದ ಇದರಾಗ” ಅಂದ. ಇದ್ದರೆ ಅರ್ಧ ಕತ್ತರಿಸಿ ಕೊಡಲಿ ನೋಡೋಣ.

ನನ್ನ ಬೆರಳುಗಳನ್ನು ಇವತ್ತು ಬಿಸಿಲಿನಲ್ಲಿ ಹಿಡಿದು ನೋಡಿದೆ. ಕಿರುಬೆರಳು ಒಂದು ಕಡೆ, ಉಂಗುರದ ಬೆರಳು ಇನ್ನೊಂದು ಕಡೆ. ಇವು ಅಂಗಳದಲ್ಲಿ ಮುರಿದವು. ಇಂಥ ಬೆರಳಿನ ಕೈಗೆ ಯಾರೂ ಕಡಗ ತೊಡಿಸುವುದಿಲ್ಲ.

೧೫ ಫೆಬ್ರವರಿ, ಜತ್ತ

ಎಡಗೈ ಕಟ್ಟಿದ್ದಾರೆ, ಬಲಗೈ ಇದೆ, ಬರೆಯುತ್ತೇನೆ. ಇದನ್ನು ಬರೆಯದಿದ್ದರೆ ನಾಳೆ ನನಗೇ ಸುಳ್ಳು ಅನ್ನಿಸೀತು.

ನಿನ್ನೆ ಫೈನಲ್. ಕಾರ್ಖಾನೆಯ ಸಾಹೇಬರು ಕುರ್ಚಿಯ ಮೇಲೆ ಕೂತಿದ್ದರು, ಒಬ್ಬರು ಬಿಳಿ ಟೋಪಿ, ಒಬ್ಬರು ಕಪ್ಪು ಕನ್ನಡಕ. ಎದುರಿಗೆ ಸೋಲಾಪುರದ ಕಡೆಯ ತಂಡ. ಅದರಲ್ಲಿ ಒಬ್ಬ ಪೈಲ್ವಾನ. ತೊಡೆ ನೋಡಿದರೆ ಎತ್ತು ನೆನಪಾಗುತ್ತದೆ. ಕೊನೆಗೆ ಎರಡೂ ಕಡೆ ಸಮ. ವಿಠೋಬ ಸತ್ತು ಹೊರಗೆ ಕೂತಿದ್ದಾನೆ. ಪೈಲ್ವಾನ ಏರಿ ಬಂದ.

ಗುರುಲಿಂಗಪ್ಪ ಕಾಲಿಗೆ ಬಿದ್ದ. ಪೈಲ್ವಾನ ಅವನನ್ನು ಲೆಕ್ಕಿಸಲೇ ಇಲ್ಲ, ಕಾಲಿಗೆ ಗುರುಲಿಂಗಪ್ಪನನ್ನು ಕಟ್ಟಿಕೊಂಡೇ ಗೆರೆಗೆ ಹಾರಿದ. ನಾನು ಅಡ್ಡ ನಿಂತೆ. ಅವನ ತಲೆ ನನ್ನ ಎಡಭುಜಕ್ಕೆ ಬಡಿಯಿತು. ಒಳಗೆ ಏನೋ ಕಳಚಿದ್ದು ಮೊದಲು ಕೇಳಿಸಿತು, ಆಮೇಲೆ ನೋವು ಬಂತು. ಕೆಳಗೆ ಬೀಳುತ್ತ ನೋಡಿದೆ, ಅವನ ಚಾಚಿದ ಬೆರಳು ಗೆರೆಗಿಂತ ಒಂದು ಗೇಣು ಈಚೆ ಇತ್ತು. ಸೀಟಿ ಊದಿದರು. ವಿಠೋಬನಿಗೆ ಜೀವ ಬಂತು. ಎದ್ದು ಓಡಿ ಬಂದ, ನನ್ನನ್ನು ದಾಟಿಕೊಂಡೇ ಹೋದ, ಏರಿದ, ಇಬ್ಬರನ್ನು ಮುಟ್ಟಿ ಬಂದ. ಗೆದ್ದೆವು.

ಆಮೇಲಿನದು ಯಾರಾದರೂ ಊಹಿಸಬಹುದು. ವಿಠೋಬನನ್ನು ಹೆಗಲ ಮೇಲೆ ಹೊತ್ತರು. ಮೈಕಿನಲ್ಲಿ ವಿಠೋಬ, ವಿಠೋಬ. ಗುರುಲಿಂಗಪ್ಪನ ಹಿಡಿತಕ್ಕೆ ಒಂದು ಚಪ್ಪಾಳೆ. ಬಿಳಿ ಟೋಪಿಯವರು ಎದ್ದು ಬಂದು ವಿಠೋಬನ ಕೈ ಕುಲುಕಿ ಅಲ್ಲೇ ನೌಕರಿ ಹೇಳಿದರಂತೆ. ನಾನು ನೀರಿನ ಹರವಿಯ ಹತ್ತಿರ ಕೈ ಹಿಡಿದುಕೊಂಡು ಕೂತಿದ್ದೆ. ದವಾಖಾನೆಗೆ ಕರೆದೊಯ್ಯಲು ಜೀಪು ಬಂದಾಗ ಜನ ದಾರಿ ಬಿಡಲೊಲ್ಲರು. ಆಗ ಮೈಕಿನಲ್ಲಿ ಅಂದರು, “ಜಖಮಿ ಆಟಗಾರರಿಗೆ ದಾರಿ ಬಿಡಿ.” 

ಅಷ್ಟೂ ಜನರೆದುರು ಭುಜ ಕಳಚಿಕೊಂಡರೂ ನನಗೆ ಸಿಕ್ಕ ಹೆಸರು ಜಖಮಿ ಆಟಗಾರ. ಇನ್ನೇನು ಕಳಚಿಕೊಂಡರೆ ಅಮಸಿದ್ದ ಅಂದಾರು?

೧೯ ಫೆಬ್ರವರಿ

ಮನೆ. ಬಿಳೂರಿನಿಂದ ಎಲುಬು ಕೂರಿಸುವವನು ಬಂದು ಜತ್ತಿನವರು ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದ. ಯುಗಾದಿಯವರೆಗೆ ಕೈ ಅಲ್ಲಾಡಿಸಬಾರದಂತೆ. ವಿಠೋಬ ಕಾರ್ಖಾನೆಗೆ ಹೋದ. ಹೋಗುವಾಗ ನೋಡಲು ಬಂದಿದ್ದ, ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ, ನಿದ್ದೆ ಎಂದು ತಿಳಿದು ಹೋದ. ನಿದ್ದೆ ಇರಲಿಲ್ಲ.

೨೭ ಫೆಬ್ರವರಿ

ಮನೆಯೊಳಗೂ ಅದೇ ಮಾತು. ಇನ್ನು ಎಲ್ಲಿಗೆ ಹೋಗಬೇಕು?

ಬೆಳಿಗ್ಗೆ ಮೆಲ್ಲಗೆ ಎದ್ದು ಹೊಲಕ್ಕೆ ಹೋದೆ. ಜೋಳ ಕೊಯ್ದು ಕಟ್ಟು ಕಟ್ಟಿ ನಿಲ್ಲಿಸಿ ಆಗಿತ್ತು. ಯಾರೂ ನನಗೆ ಹೇಳಿಲ್ಲ, ಕೇಳಿಲ್ಲ. ಹಟ್ಟಿಗೆ ಬಂದು ನೋಡಿದರೆ ಕುರಿಗಳೆಲ್ಲ ಬೋಳು, ಉಣ್ಣೆ ಕತ್ತರಿಸಿ ಮೂಟೆ ಕಟ್ಟಿ ಆಗಿತ್ತು. ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

“ಜ್ವಾಳ ಯಾರ ಕೊಯ್ದ್ರು?” ಎನ್ನುತ್ತ ತಾಟಿನ ಮುಂದೆ ಕೂತೆ.

“ಇತರರು ಕೊಯ್ದ್ರು.” ತಿರುಗಿಯೂ ನೋಡಲಿಲ್ಲ.

“ಉಣ್ಣಿ ಯಾರ ಕತ್ತರಿಸಿದ್ರು?”

“ಅವರರಿ. ಇತರರು.”

“ಚ್ಯಾಷ್ಟಿ ಮಾಡ್ತೀಯೇನು?”

“ಚ್ಯಾಷ್ಟಿ ಯಾಕ ಮಾಡ್ಲಿ? ಈ ಮನ್ಯಾಗ ನೀವೊಬ್ಬರು. ಉಳಿದವರು ಯಾರದಾರ, ನೀವ ಹೇಳ್ರಿ.” ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು.

ಊರಿನ ಚೇಷ್ಟೆ ಒಲೆಯ ತನಕ ಬಂದ ಮೇಲೆ ಗಂಡಸಿಗೆ ಬೆಲೆ ಎಲ್ಲಿ ಉಳಿಯಿತು? ತಾಟು ದೂರ ತಳ್ಳಿ ಎದ್ದು ಹೊರಗೆ ಹೋದೆ. ಸಿಟ್ಟಿನಲ್ಲಿ ನಡೆಯುವಾಗ ಧೋತರ ಸಡಿಲಾಯಿತು. ಒಂದು ಕೈಯಲ್ಲಿ ಧೋತರ ಉಟ್ಟುಕೊಳ್ಳಲು ಬರುವುದಿಲ್ಲ. ತಿರುಗಿ ಬಂದು ನಿಲ್ಲಬೇಕಾಯಿತು. ಆಕೆ ಹಿಟ್ಟಿನ ಕೈ ತೊಳೆದುಕೊಂಡು ಬಂದು ಕಚ್ಚೆ ಕಟ್ಟಿದಳು. ಗಟ್ಟಿಯಾಗಿ ಕಟ್ಟಿದ್ದಳು, ಸಂಜೆಯ ತನಕ ಬಿಚ್ಚಲಿಲ್ಲ.

೮ ಮಾರ್ಚ್

ಕುರಿಯ ಜೊತೆ ಹೋಗಿದ್ದೆ, ಕೂತು ನೋಡುವುದಕ್ಕೆ. ಮಧ್ಯಾಹ್ನ ನಮ್ಮ ದೊಡ್ಡ ಟಗರು ಬೇರೆಯವರ ಕಡಲೆಯ ಹೊಲಕ್ಕೆ ನುಗ್ಗಲು ಹೊರಟಿತು, ಹಿಂದೆ ಇಡೀ ಹಿಂಡು. ಕುರಿ ಕಾಯುತ್ತಿದ್ದ ಹೆಂಡತಿ ಅದರ ಹಿಂದೆ ಓಡಲಿಲ್ಲ. ಅದು ಬರುವ ಜಾಗಕ್ಕೆ ಅಡ್ಡ ಹೋಗಿ, ಮೊಣಕಾಲು ಮಡಿಸಿ, ಎದೆ ಮುಂದೆ ಮಾಡಿ ನಿಂತಳು. ಟಗರು ಬಂದು ಗುದ್ದಿತು, ಹಿಂದೆ ಸರಿಯಿತು. ಹಿಂಡು ತಿರುಗಿತು.

ಎಡಗಾಲು ಇನ್ನೂ ಸ್ವಲ್ಪ ಹಿಂದೆ ಇಡಬೇಕಿತ್ತು. ಹೇಳಿದೆ.

“ನಿಮ್ಮ ಅಂಗಳದಾಗ ಇಡ್ರಿ ಹಿಂದ. ಇಲ್ಲಿ ಹಿಂದ ಜಾಲಿ ಮುಳ್ಳ ಐತಿ” ಅಂದಳು. ಅದೂ ನಿಜ, ಮುಳ್ಳು ಇತ್ತು. ಆದರೂ ಯಾರಿಂದ ಕಲಿತಳೋ. ನಾನಂತೂ ಕಲಿಸಿಲ್ಲ. ಕೇಳಿದರೆ, ಮದುವೆಗೆ ಮೊದಲಿನಿಂದ ಹಾಗೇ ನಿಲ್ಲುತ್ತಿದ್ದಾಳಂತೆ.

ಒಬ್ಬರೂ ಸೀಟಿ ಹೊಡೆಯಲಿಲ್ಲ. ಆ ಬಯಲಿನಲ್ಲಿ ನಾನೊಬ್ಬನೇ ಇದ್ದದ್ದು, ನನಗೆ ಸೀಟಿ ಹೊಡೆಯಲು ಎರಡು ಕೈಯೂ ಬೇಕು.

೨೧ ಮಾರ್ಚ್

ಮೇ ತಿಂಗಳಲ್ಲಿ ಭರಮಣ್ಣನ ಮದುವೆ. ತಮ್ಮನಿಗೆ ಉಡುಗೊರೆಯಾಗಿ ಕಂಬಳಿ ಕೊಡಬೇಕೆಂದು ಆಕೆ ಉಣ್ಣೆ ನೂತಿಟ್ಟಿದ್ದಾಳೆ. ನೂಲುವುದು ಹೆಂಗಸರದು, ನೇಯುವುದು ಗಂಡಸರದು, ನಮ್ಮಲ್ಲಿ ಹಿಂದಿನಿಂದ ಹಾಗೇ. ನನ್ನ ಕೈ ಕಟ್ಟಿದೆ. ಬೇರೆಯವರಿಗೆ ಕೊಟ್ಟು ನೇಯಿಸೋಣ ಅಂದೆ. ನಿನ್ನೆ ಬೆಳಿಗ್ಗೆ ಎದ್ದು ನೋಡುತ್ತೇನೆ, ಮಗ್ಗದ ಕುಣಿಯಲ್ಲಿ ತಾನೇ ಇಳಿದು ಕೂತಿದ್ದಾಳೆ.

“ಹೆಂಗಸರು ಮಗ್ಗಕ್ಕ ಕುಂಡ್ರೂದು ಎಲ್ಲೆರ ಐತೇನು?” ಅಂದೆ.

“ನಿಮ್ಮ ಕೈ ಮುರಿಯೂದೂ ಇರ್ಲಿಲ್ಲ. ಈಗ ಐತಿ.”

ಬಾಯಿ ಜೋರಾಗಿದೆ. ಬೈದೆ, ನಿಲ್ಲಲಿಲ್ಲ. ಇನ್ನೇನು ಮಾಡುವುದು, ಪಕ್ಕದಲ್ಲಿ ಕೂತು ತಪ್ಪು ಹೇಳುತ್ತ ಹೋದೆ. ಇಲ್ಲಿ ಸಡಿಲು, ಅಲ್ಲಿ ಬಿಗಿ. ಮಧ್ಯಾ‌ಹ್ನದ ಮೇಲೆ ಹೇಳುವುದಕ್ಕೆ ತಪ್ಪು ಸಿಗಲಿಲ್ಲ. ಅದಕ್ಕೂ ಸ್ವಲ್ಪ ಸಿಟ್ಟು ಬಂತು. ದಾರಿಯಲ್ಲಿ ಹೋಗುವವರು ಇಣುಕಿ ನೋಡಿ, “ಇತರಪ್ಪ ಹೆಂಡ್ತಿ ಕಡಿಂದ ನೇಯಸ್ತಾನ” ಅಂದರು. ನೇಯಿಸುತ್ತಿಲ್ಲ, ಆಕೆಯೇ ನೇಯುತ್ತಿದ್ದಾಳೆ, ಕಣ್ಣು ಕಾಣುವುದಿಲ್ಲವೇ ಎಂದು ಜಗಳಕ್ಕೆ ಎದ್ದೆ. ಧೋತರ ಹಿಡಿದು ಕೂರಿಸಿದಳು.

೭ ಏಪ್ರಿಲ್

ಯುಗಾದಿ. ಕೈ ಬಿಚ್ಚಿದರು. ಭುಜದ ಎತ್ತರಕ್ಕೆ ಏಳುತ್ತದೆ, ಮೇಲಕ್ಕೆ ಇಲ್ಲ.

ವಿಠೋಬ ರಜೆಯ ಮೇಲೆ ಬಂದಿದ್ದಾನೆ. ಕಾರ್ಖಾನೆಯ ನೀಲಿ ಶರಟು, ಕಿಸೆಯಲ್ಲಿ ಪೆನ್ನು. ಬೇವು ಕೊಟ್ಟೆವು. ತಿಂದು ಬಾಯಿ ಒರೆಸಿಕೊಂಡ. ಆಮೇಲೆ ಅಂದ:

“ಅಲ್ಲಿ ನಾ ಸತ್ತರ ಸತ್ತಂಗ ಕೂಡ್ತೀನೋ ಅಮಸಿದ್ದ. ಎಬ್ಬಸಾವರಿಲ್ಲ. ಎಲ್ಲಾರೂ ಕಾಲ ಹಿಡೀತಾರ, ಒಬ್ಬಾವರ ಅಡ್ಡ ನಿಂದರೂದಿಲ್ಲ. ಸಾಹೇಬ್ರು ಕೇಳಿದ್ರು, ಜತ್ತಿನಾಗ ಚಲೋ ಆಡ್ತಿದ್ದಿ, ಈಗ ಏನಾತು ಅಂತ. ನಿನ್ನ ಹೆಸರ ಹೇಳೀನಿ.”

“ಏನಂತ ಹೇಳೀದಿ?”

“ಅಮಸಿದ್ದ ಅಂತ. ಉಟಗಿ ಅಮಸಿದ್ದ. ಎರಡ ಸಲ ಹೇಳೀನಿ. ಲಗೂನ ಕರ್ಕೊಂಡ ಬಾ ಅಂದಾರ.”

ಈಗ ಹೇಳಿದ್ದಾನೆ. ಭುಜ ಇದ್ದಾಗ ಹೇಳಲಿಲ್ಲ, ಅದು ಹೋದ ಮೇಲೆ ಹೇಳಿದ್ದಾನೆ. ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು, ಅವನ ಮುಖ ನೋಡಿದರೆ ಅವನೂ ಸೊರಗಿದ್ದಾನೆ. ನಾಳೆ ಅಂಗಳಕ್ಕೆ ಬಾ, ನೋಡಿಯೇ ಬಿಡೋಣ ಅಂದೆ.

೮ ಏಪ್ರಿಲ್

ವಿಠೋಬ ಓಡಿ ಬಂದ, ನಾನು ಅಡ್ಡ ನಿಂತೆ. ಮೆಲ್ಲಗೇ ಬಂದಿದ್ದ. ಆದರೂ ಬಿದ್ದೆ.

ಇನ್ನೊಮ್ಮೆ ಅಂದೆ. ಅವನು ಒಲ್ಲೆ ಅಂದ.

ಮುಗಿಯಿತು.

೧೧ ಮೇ

ನಿನ್ನೆ ವಳಸಂಗದಲ್ಲಿ ಭರಮಣ್ಣನ ಮದುವೆ. ಮತ್ತೆ ಜಗಳ ಮಾಡಿಕೊಂಡು ಬಂದೆ. ಮದುವೆ ಮನೆಯಲ್ಲಿ ಜಗಳ ಮಾಡುವವನಲ್ಲ ನಾನು, ಮಾಡುವ ಹಾಗೆ ಮಾಡಿದರು.

ಅಕ್ಷತೆ ಆಯಿತು, ಊಟ ಆಯಿತು, ಆಯೇರಿ ಶುರುವಾಯಿತು. ಬಂದ ಉಡುಗೊರೆಯನ್ನೆಲ್ಲ ಚಾಪೆಯ ಮೇಲೆ ಇಡುವುದು, ಯಾರು ಏನು ತಂದರೆಂದು ಬಸಗೊಂಡ ಮೈಕಿನಲ್ಲಿ ಕೂಗುವುದು. ಬೇವಿನ ಮರಕ್ಕೆ ಹಾರ್ನು ಕಟ್ಟಿದ್ದ, ಊರಾಚೆಯ ಬಾವಿಯ ತನಕ ಕೇಳುತ್ತದೆ. ನಮ್ಮ ಪಾಳಿ ಬಂತು. ಕಂಬಳಿಯನ್ನು ಚಾಪೆಯ ಮೇಲೆ ಇಟ್ಟಳು. ಕರಿಯ ಕಂಬಳಿ, ಅಂಚಿಗೆ ಬಿಳಿಯ ಗೆರೆ. ಗೆರೆ ಎಲ್ಲೂ ಡೊಂಕಿಲ್ಲ, ಯಾರು ಬೇಕಾದರೂ ನೋಡಲಿ.

ಬಸಗೊಂಡ ಗಂಟಲು ಸರಿ ಮಾಡಿಕೊಂಡ. “ಉಟಗಿ ಗ್ರಾಮದ ಹೆಸರಾಂತ ಕಬಡ್ಡಿ ಪಟು, ಶ್ರೀ ಅಮಸಿದ್ದ ಮತ್ತು ಇತರರಿಂದ, ಒಂದು ಕಂಬಳಿ.”

ನನ್ನ ಹೆಸರು. ಸರಿಯಾದ ಹೆಸರು, ಮುಂದೆ ಶ್ರೀ, ಅದರ ಮುಂದೆ ಹೆಸರಾಂತ. ಚಪ್ಪರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎಷ್ಟು ವರ್ಷ ಕಾದಿದ್ದೆ ಇದಕ್ಕೆ. ಸುಳ್ಳು ಯಾಕೆ ಬರೆಯಲಿ, ಒಂದು ಗಳಿಗೆ ಕಿವಿ ತಂಪಾಯಿತು. ಆಮೇಲೆ ಉಳಿದ ಶಬ್ದ ಕೇಳಿಸಿತು. ಆಕೆ ಬಗ್ಗಿ ಕಂಬಳಿಯ ಮಡಿಕೆ ಸರಿ ಮಾಡುತ್ತಿದ್ದಳು, ಏನೂ ಆಗದವರಂತೆ.

ನಾನು ಎದ್ದು ಮೈಕಿನ ಹತ್ತಿರ ಹೋದೆ.

“ಬಸಗೊಂಡ, ತಪ್ಪ ಹೇಳೀದಿ.”

“ಏನ ತಪ್ಪೋ ಮಾರಾಯಾ? ಈ ಸಲ ಅಮಸಿದ್ದ ಅಂತನ ಅಂದೀನಲ್ಲ.”

“ಇತರರು ಅಂದ್ರ ಯಾರು?”

“ಮನಿ ಮಂದಿ. ಎಲ್ಲಾರಿಗೂ ಹಂಗ ಅಂತೀನಿ.”

“ಆ ಕಂಬಳ್ಯಾಗ ನಂದೊಂದು ಎಳಿ ಇಲ್ಲ. ಉಣ್ಣಿ ಕತ್ತರಿಸಿದಾಕಿ ಆಕಿ, ನೂತಾಕಿ ಆಕಿ, ನೇಯ್ದಾಕಿ ಆಕಿ. ನಾ ಬಾಜೂಕ ಕುಂತಿದ್ನಿ. ಕುಂತಾಂವಂದು ಹೆಸರ ಹೇಳ್ತಿ, ಮಾಡಿದಾಕಿದು ನುಂಗ್ತಿ. ಆಕಿ ಹೆಸರ ಹೇಳು.”

ಮೈಕು ಚಾಲೂ ಇತ್ತೆಂದು ಆಗ ಗೊತ್ತಾಯಿತು. ಬಸಗೊಂಡ ನಕ್ಕ.

“ನಮ್ಮೂರ ಹುಡುಗಿ, ನನಗ ಗೊತ್ತಿಲ್ಲೇನು ಹೆಸರು? ಆದರ ನೀ ಜಗಳಕ್ಕ ಬಂದಾವ. ನಿನ್ನ ಬಾಯೀಲೆ ಬರ್ಲಿ” ಎಂದು ಮೈಕು ನನ್ನ ಕಡೆ ಹಿಡಿದ.

ಹೆಂಗಸರ ಕಡೆಯಿಂದ ಯಾರೋ “ಒಡಪ ಹಾಕಿ ಹೇಳ್ಬೇಕು” ಎಂದು ಕೂಗಿದರು. ನಮ್ಮ ಮದುವೆಯ ದಿನ ಮಾವನೊಬ್ಬ ಕಿವಿಯಲ್ಲಿ ಒಡಪು ಹೇಳಿಕೊಟ್ಟಿದ್ದ, ಪ್ರಾಸ ಕಟ್ಟಿ ಅದರ ಕೊನೆಗೆ ಹೆಂಡತಿಯ ಹೆಸರು ಸೇರಿಸುವುದು. ಅವತ್ತು ಹೇಳಿದ್ದೇ ಕಡೆ. ಆಮೇಲೆ ಮನೆಯಲ್ಲಿ ‘ಏ’ ಅನ್ನುತ್ತೇನೆ, ಆಕೆ ‘ರೀ’ ಅನ್ನುತ್ತಾಳೆ, ನಡೆಯುತ್ತದೆ. ನಿನ್ನೆ ನನಗೆ ಒಡಪು ಎಲ್ಲಿಂದ ಬರಬೇಕು, ಸಿಟ್ಟಿನಲ್ಲಿದ್ದೆ. ಹಾಗೇ ಹೇಳಿದೆ.

“ಯಮನವ್ವ.”

ಬೇವಿನ ಮರದ ಹಾರ್ನಿನಿಂದ ಆ ಹೆಸರು ಹೊರಟು ಬಾವಿಯ ಕಡೆ ಹೋಯಿತು. ಯಮನವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಕಡೆ ನೋಡಲಿಲ್ಲ.

ಬಸಗೊಂಡ ಮೈಕು ತಿರುಗಿ ತೆಗೆದುಕೊಂಡು ಮೊದಲಿನಿಂದ ಕೂಗಿದ. “ಉಟಗಿ ಗ್ರಾಮದ ಶ್ರೀಮತಿ ಯಮನವ್ವ ಮತ್ತು ಇತರರಿಂದ, ಒಂದು ಕಂಬಳಿ.”

ಚಪ್ಪರವೆಲ್ಲ ನಕ್ಕಿತು. ಇತರರು ಅಂದರೆ ನಾನು. ಮೈಕಿನಲ್ಲಿ ಬಂದ ಹೆಸರನ್ನು ಕೈಯಾರೆ ತೆಗೆಸಿ ಮತ್ತೆ ಇತರರಲ್ಲಿ ಹೋಗಿ ಕೂತೆ. ಆ ಮಾತಿಗೆ ಸಿಟ್ಟು ಬರಬೇಕಿತ್ತು. ಭರಮಣ್ಣ ಕಂಬಳಿ ಹೊದ್ದುಕೊಂಡು ತೋರಿಸುತ್ತಿದ್ದ, ಅಂಚಿನ ಗೆರೆ ನೋಡುವ ಗದ್ದಲದಲ್ಲಿ ಮರೆತೇಬಿಟ್ಟೆ. ಈಗ ಬರೆಯುವಾಗ ನೆನಪಾಯಿತು. ಈಗ ಸಿಟ್ಟು ಮಾಡಿ ಏನು ಉಪಯೋಗ?

ಸಂಜೆಯ ಬಸ್ಸಿನಲ್ಲಿ ಆಕೆ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದಳು. ಈಗ ಬೈಯುತ್ತಾಳೆ, ಆಗ ಬೈಯುತ್ತಾಳೆ ಎಂದು ಕಾಯುತ್ತಿದ್ದೆ. ಒಡಪಿಲ್ಲದೆ ಮಂದಿಯ ಮುಂದೆ ಹೆಂಡತಿಯ ಹೆಸರು ಹಿಡಿದು ಒದರಿದವನು ವಳಸಂಗದಲ್ಲಿ ನಾನೇ ಮೊದಲಿಗನಿರಬೇಕು. ಉಟಗಿ ಬಂತು. ಬಸ್ಸು ನಿಂತದ್ದು ನನಗೆ ತಿಳಿಯಲಿಲ್ಲ. ಆಕೆ ಗಂಟು ತಲೆಯ ಮೇಲಿಟ್ಟುಕೊಂಡು ಆಗಲೇ ಬಾಗಿಲಿನ ಹತ್ತಿರ ನಿಂತಿದ್ದಳು.

“ಇಳೀರಿ ಇತರಪ್ಪ,” ಅಂದಳು, “ಊರ ಬಂತು.”

ಗಂಡನ ಹೆಸರನ್ನು ಆಕೆ ಬಾಯಿಂದ ಎಂದೂ ಆಡಿದವಳಲ್ಲ. ನನ್ನನ್ನು ಹೆಸರು ಹಿಡಿದು ಕರೆದದ್ದು ಇದೇ ಮೊದಲು. ನಾನು ಇಳಿದೆ.